ಪ್ರಕಟಿಸಿದೆ, ಪ್ರಕಟವಾಯಿತು

ಮನೆಯಲ್ಲಿ ಗಾಜಿನ ಲೋಟ ಬಿದ್ದು ಚೂರಾದಾಗ ಮಕ್ಕಳಿಗೆ ವ್ಯಾಕರಣದ ಒಂದು ಮುಖ್ಯ ಪಾಠ ಆಗುತ್ತದೆ. ‘ಯಾರು ಒಡೆದಿದ್ದು?’ ಎಂದು ಒಳಗಿನಿಂದ ಪ್ರಶ್ನೆ ಬರುತ್ತದೆ. ‘ನಾನು ಒಡೆದೆ’ ಎನ್ನುವ ಮಗು ಅಪರೂಪ. ‘ಅದೇ ಬಿದ್ದು ಒಡೆದುಹೋಯ್ತು’ ಎನ್ನುವುದೇ ಹೆಚ್ಚು. ಎರಡೂ ವಾಕ್ಯಗಳು ಒಂದೇ ಘಟನೆಯನ್ನು ಹೇಳುತ್ತವೆ, ಎರಡೂ ಸುಳ್ಳಲ್ಲ. ಆದರೆ ಮೊದಲನೆಯದರಲ್ಲಿ ಒಬ್ಬರು ಇದ್ದಾರೆ, ಎರಡನೆಯದರಲ್ಲಿ ಯಾರೂ ಇಲ್ಲ. ಕನ್ನಡದಲ್ಲಿ ಇಂಥ ಜೋಡಿಗಳು ಬೇಕಾದಷ್ಟಿವೆ: ಮುರಿದೆ–ಮುರಿಯಿತು, ಕಳೆದೆ–ಕಳೆದುಹೋಯಿತು, ಸುಟ್ಟೆ–ಸುಟ್ಟುಹೋಯಿತು. ಈ ಸಾಲಿಗೆ ಸೇರುವ ಇನ್ನೊಂದು ಜೋಡಿಯ ಬಗ್ಗೆ ನಾನು ಕೆಲವು ತಿಂಗಳಿಂದ ಯೋಚಿಸುತ್ತಿದ್ದೇನೆ: ಪ್ರಕಟಿಸಿದೆ–ಪ್ರಕಟವಾಯಿತು.

ಯೋಚನೆಗೆ ಕಾರಣ ಇದೆ. ಇಂಟರ್ನೆಟ್ಟಿನಲ್ಲಿ ಬರಹ ಪ್ರಕಟಿಸುವ ಕೆಲಸವನ್ನು ಈಗ ಯಾರೂ ಮಾಡದೆಯೇ ಆಗುವಂತೆ ಜೋಡಿಸಿಡಬಹುದು. ಇದಕ್ಕೆ ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ‘ನೋ-ಕೋಡ್’ ಎಂದು ಕರೆಯುವ ಸಲಕರಣೆಗಳಿವೆ. 2011ರಲ್ಲಿ ಶುರುವಾದ ಝ್ಯಾಪಿಯರ್, ಮೊದಲು ಇಂಟೆಗ್ರೋಮ್ಯಾಟ್ ಎಂಬ ಹೆಸರಿದ್ದು 2022ರಲ್ಲಿ ಹೆಸರು ಬದಲಿಸಿಕೊಂಡ ಮೇಕ್, ಬರ್ಲಿನ್ನಿನಲ್ಲಿ 2019ರಲ್ಲಿ ಹುಟ್ಟಿದ ಎನ್‌ಎಯ್ಟ್‌ಎನ್ ಇವುಗಳಲ್ಲಿ ಹೆಸರುವಾಸಿ. ಇಂಥದೇ ಇನ್ನೊಂದು ಸೇವೆಯ ಹೆಸರೇ ಇಡೀ ತತ್ವವನ್ನು ಹೇಳಿಬಿಡುತ್ತದೆ: ‘ಇಫ್ ದಿಸ್ ದೆನ್ ದಟ್’, ಅಂದರೆ ‘ಇದಾದರೆ ಅದಾಗಲಿ’. ಒಂದು ಆ್ಯಪಿನಲ್ಲಿ ಏನೋ ಆದಾಗ ಅದನ್ನು ಗಮನಿಸುವುದು ‘ಟ್ರಿಗರ್’. ಅದರಿಂದಾಗಿ ಇನ್ನೊಂದು ಆ್ಯಪಿನಲ್ಲಿ ಆಗುವುದು ‘ಆಕ್ಷನ್’. ಇವೆರಡನ್ನೂ ಪರದೆಯ ಮೇಲೆ ಗೆರೆ ಎಳೆದು ಜೋಡಿಸಿದರೆ ಕೊಂಡಿ ಸಿದ್ಧ. ಕೊಂಡಿಗೆ ಕೊಂಡಿ ಸೇರಿಸಿದರೆ ಸರಪಳಿ.

ನಾವು ಐದಾರು ಜನ ಸಂಶೋಧನಾ ವಿದ್ಯಾರ್ಥಿಗಳು ಸೇರಿ ನಡೆಸುವ ಓದುಕೂಟದ ಬ್ಲಾಗಿಗೂ ಇಂಥದ್ದೊಂದು ಸರಪಳಿ ಇದೆ. ಬರೆಯುವವರು ಗೂಗಲ್ ಫಾರ್ಮಿನಲ್ಲಿ ಬರಹ ಹಾಕುತ್ತಾರೆ. ಅದು ಗೂಗಲ್ ಶೀಟಿನಲ್ಲಿ ಒಂದು ಹೊಸ ಸಾಲಾಗುತ್ತದೆ. ಹೊಸ ಸಾಲು ಬಂದಿದೆಯೇ ಎಂದು ಸಲಕರಣೆ ಕೆಲವು ನಿಮಿಷಗಳಿಗೊಮ್ಮೆ ಇಣುಕಿ ನೋಡುತ್ತದೆ. ಬಂದಿದ್ದರೆ ವರ್ಡ್‌ಪ್ರೆಸ್ಸಿನಲ್ಲಿ ಕರಡು ತಯಾರಾಗುತ್ತದೆ, ಶೀರ್ಷಿಕೆ ಶೀರ್ಷಿಕೆಯ ಜಾಗದಲ್ಲಿ, ಲೇಖಕರ ಹೆಸರು ಅದರ ಜಾಗದಲ್ಲಿ ಕೂರುತ್ತದೆ. ಶೀಟಿನ ಒಂದು ಅಂಕಣದಲ್ಲಿ ‘ಹೌದು’ ಎಂದು ತುಂಬಿದರೆ ಭಾನುವಾರ ಬೆಳಗ್ಗೆ ಆರಕ್ಕೆ ಬರಹ ಹೊರಬೀಳುತ್ತದೆ. ಅದರ ಬೆನ್ನಿಗೇ ಟೆಲಿಗ್ರಾಂ ಗುಂಪಿಗೆ ಕೊಂಡಿ, ಚಂದಾದಾರರಿಗೆ ಇಮೇಲ್, ಲೇಖಕರಿಗೆ ‘ನಿಮ್ಮ ಬರಹ ಪ್ರಕಟವಾಗಿದೆ’ ಎಂಬ ಸಂದೇಶ. ಇಷ್ಟೂ ಆಗುವಾಗ ನಾವೆಲ್ಲ ಹಾಸ್ಟೆಲಿನಲ್ಲಿ ಮಲಗಿರುತ್ತೇವೆ.

ಇದನ್ನು ನಾನು ದೂರಲು ಹೊರಟಿಲ್ಲ. ಕನ್ನಡದಲ್ಲಿ ನಡೆಯುವ ಚಿಕ್ಕ ಅಂತರ್ಜಾಲ ಪತ್ರಿಕೆಗಳು, ಬ್ಲಾಗುಗಳು ಹೇಗೆ ನಡೆಯುತ್ತವೆ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಸಂಬಳವಿಲ್ಲ, ಕಚೇರಿಯಿಲ್ಲ. ಒಬ್ಬಿಬ್ಬರು ತಮ್ಮ ಕೆಲಸ, ಮನೆ, ಪರೀಕ್ಷೆಗಳ ನಡುವೆ ರಾತ್ರಿ ಹನ್ನೊಂದರ ನಂತರ ಕೂತು ಕಾಪಿ, ಪೇಸ್ಟ್ ಮಾಡುತ್ತಾರೆ. ಚಿತ್ರ ಹಾಕುತ್ತಾರೆ, ಟ್ಯಾಗ್ ಹಾಕುತ್ತಾರೆ, ಹತ್ತು ಗುಂಪುಗಳಿಗೆ ಲಿಂಕ್ ಕಳಿಸುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಅವರು ದಣಿಯುತ್ತಾರೆ. ಅಲ್ಲಿಗೆ ಬ್ಲಾಗು ಮೌನವಾಗುತ್ತದೆ. ಈ ಕೂಲಿಯಲ್ಲಿ ಸಾಹಿತ್ಯದ ಯಾವ ಘನತೆಯೂ ಇಲ್ಲ. ಅದನ್ನು ಯಂತ್ರಕ್ಕೆ ಒಪ್ಪಿಸಿ ಉಳಿದ ಹೊತ್ತನ್ನು ಬಂದ ಬರಹ ಓದುವುದಕ್ಕೆ ಬಳಸಿದರೆ ಅದು ಒಳ್ಳೆಯದೇ. ಕೈಯಲ್ಲಿ ಮಾಡಿದ್ದೆಲ್ಲ ಪವಿತ್ರ, ಯಂತ್ರ ಮಾಡಿದ್ದೆಲ್ಲ ಮೈಲಿಗೆ ಎಂಬ ನಂಬಿಕೆ ನನಗಿಲ್ಲ.

ನನ್ನ ಪ್ರಶ್ನೆ ಬೇರೆ. ಸರಪಳಿ ಎರಡು ಬಗೆಯ ಕೆಲಸಗಳನ್ನು ಹೊತ್ತು ಸಾಗುತ್ತದೆ, ಅವೆರಡೂ ಅದಕ್ಕೆ ಒಂದೇ. ಬರಹವನ್ನು ಇಲ್ಲಿಂದ ಅಲ್ಲಿಗೆ ಒಯ್ಯುವುದು ಒಂದು. ‘ಇದು ಲೋಕಕ್ಕೆ ಹೋಗಲಿ’ ಎಂದು ಹೇಳುವುದು ಇನ್ನೊಂದು. ಮೊದಲನೆಯದು ಸಾಗಣೆ, ಎರಡನೆಯದು ತೀರ್ಮಾನ. ಪರದೆಯ ಮೇಲೆ ಎರಡೂ ಒಂದೇ ಅಳತೆಯ ಚೌಕಗಳಾಗಿ ಕಾಣುತ್ತವೆ, ಎರಡಕ್ಕೂ ‘ಆಕ್ಷನ್’ ಎಂದೇ ಹೆಸರು. ತೀರ್ಮಾನವನ್ನೂ ಸಾಗಣೆಯ ಹಾಗೆ ಬಿಟ್ಟುಕೊಟ್ಟಾಗ ನಾವು ಕಳೆದುಕೊಳ್ಳುವುದೇನು?

ಸರಪಳಿ ಹೊಸದಲ್ಲ ಎಂದು ಯಾರಾದರೂ ಹೇಳಬಹುದು. ಅಚ್ಚಿನ ಕಾಲದಲ್ಲೂ ಸಂಪಾದಕರೇ ಎಲ್ಲವನ್ನೂ ಮಾಡುತ್ತಿರಲಿಲ್ಲ. ಹಸ್ತಪ್ರತಿ ಮೊಳೆ ಜೋಡಿಸುವವರ ಕೈಗೆ ಹೋಗುತ್ತಿತ್ತು, ಅಲ್ಲಿಂದ ಕರಡು ತಿದ್ದುವವರಿಗೆ, ಅಲ್ಲಿಂದ ಯಂತ್ರಕ್ಕೆ, ಮಡಿಸುವವರಿಗೆ, ಅಂಚೆಗೆ. ನಿಜ. ಆದರೆ ಆ ಸರಪಳಿಯ ಬಹುಪಾಲು ಕೊಂಡಿಗಳಲ್ಲಿ ಓದಬಲ್ಲ ಒಬ್ಬ ಮನುಷ್ಯ ಇದ್ದ. ಮೊಳೆ ಜೋಡಿಸುವವರು ಕೆಲಸ ನಿಲ್ಲಿಸಿ, ‘ಸಾರ್, ಈ ಸಾಲು ಸರಿ ಇದೆಯಾ?’ ಎಂದು ಕೇಳಬಹುದಿತ್ತು. ಕೇಳದೆಯೂ ಇರಬಹುದಿತ್ತು. ಕೇಳುವ ಸಾಧ್ಯತೆಯಂತೂ ಇತ್ತು. ಹೊಸ ಸರಪಳಿಯಲ್ಲಿ ಬರಹವನ್ನು ಮೊಟ್ಟಮೊದಲು ಓದುವವರು ಸಾರ್ವಜನಿಕರೇ ಆಗಿಬಿಡುವ ಸಾಧ್ಯತೆ ಇದೆ.

ಯಂತ್ರಕ್ಕೆ ಬರಹ ಎಂದರೆ ಚಿಹ್ನೆಗಳ ಒಂದು ಸಾಲು, ಅಷ್ಟೆ. ಕನ್ನಡದವರಿಗೆ ಇದರ ಅನುಭವ ಚೆನ್ನಾಗಿಯೇ ಇದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನವನ್ನು ಯೂನಿಕೋಡಿಗೆ ಪರಿವರ್ತಿಸದೆ ಫಾರ್ಮಿಗೆ ಅಂಟಿಸಿದರೆ ರೋಮನ್ ಅಕ್ಷರಗಳು, ಪೌಂಡ್ ಚಿಹ್ನೆಗಳು, ತಲೆಯ ಮೇಲೆ ಗೆರೆ ಹೊತ್ತ ವಿಚಿತ್ರ ಅಕ್ಷರಗಳು ರಾಶಿ ಬೀಳುತ್ತವೆ. ಯಾವ ಮನುಷ್ಯನಾದರೂ ಒಂದು ನೋಟಕ್ಕೆ ‘ಏನಿದು?’ ಎನ್ನುತ್ತಾನೆ. ಸರಪಳಿ ಅನ್ನುವುದಿಲ್ಲ. ಜಾಗ ತುಂಬಿದೆ, ಆದ್ದರಿಂದ ಮುಂದಕ್ಕೆ. ಪುಟದ ವಿಳಾಸದ ಕತೆಯೂ ಹೀಗೆಯೇ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ಮಾಡಿಕೊಳ್ಳುವ ವಿಳಾಸಕ್ಕೆ 200 ಚಿಹ್ನೆಗಳ ಜಾಗ ಇಟ್ಟಿದೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್, ವಿಳಾಸದ ರೂಪದಲ್ಲಿ ಅದು 9 ಚಿಹ್ನೆಗಳಾಗುತ್ತದೆ. 22 ಸಂಕೇತ ಮುಗಿಯುವಷ್ಟರಲ್ಲಿ ಜಾಗ ಮುಗಿಯುತ್ತದೆ. ‘ಕ್ಷ’ ಎಂಬ ಒಂದು ಒತ್ತಕ್ಷರವೇ ಮೂರು ಸಂಕೇತ. ಹಾಗಾಗಿ ನಮ್ಮ ಉದ್ದನೆಯ ಶೀರ್ಷಿಕೆಗಳ ವಿಳಾಸಗಳು ನಡುವೆಯೇ ಕತ್ತರಿಸಿಹೋಗುತ್ತವೆ.

ಇವೆಲ್ಲ ತಾಂತ್ರಿಕ ಕಿರಿಕಿರಿಗಳು. ತಿದ್ದಬಹುದು, ಮರೆಯಬಹುದು. ಆದರೆ ಇದೇ ಕತ್ತರಿ ಅರ್ಥದ ಮೇಲೂ ಆಡುತ್ತದೆ. ಸರಪಳಿ ಬರಹದ ಮೊದಲ ನೂರು ಚಿಹ್ನೆಗಳನ್ನೋ ಇನ್ನೂರು ಚಿಹ್ನೆಗಳನ್ನೋ ಕತ್ತರಿಸಿ ಗುಂಪುಗಳಿಗೆ ಸಾರಾಂಶವೆಂದು ಕಳಿಸುತ್ತದೆ. ಇಂಗ್ಲಿಷಿನಲ್ಲಿ ನಿರಾಕರಣೆ ಸಾಮಾನ್ಯವಾಗಿ ವಾಕ್ಯದ ಆರಂಭದಲ್ಲೇ ಬರುತ್ತದೆ. ನಮ್ಮ ‘ಇಲ್ಲ’, ‘ಅಲ್ಲ’, ‘ಕೂಡದು’ಗಳು ಬರುವುದು ಕೊನೆಯಲ್ಲಿ. ‘ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ಕೊಟ್ಟರೆ ಮನೆತನ ಹಾಳಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ’ ಎಂಬ ವಾಕ್ಯವನ್ನು ‘ಹಾಳಾಗುತ್ತದೆ’ಯ ಹತ್ತಿರ ಕತ್ತರಿಸಿ ಮೂರು ಚುಕ್ಕಿ ಇಟ್ಟರೆ, ಲೇಖಕಿಯ ಹೆಸರಿನ ಕೆಳಗೆ ಅವಳು ಯಾವುದನ್ನು ವಿರೋಧಿಸಲು ಬರೆದಳೋ ಅದೇ ಮಾತು ನಿಲ್ಲುತ್ತದೆ. ಕೊಂಡಿ ಒತ್ತಿ ಪೂರ್ತಿ ಓದುವವರಿಗಿಂತ ಆ ತುಂಡನ್ನಷ್ಟೇ ಕಂಡು ಮುಂದೆ ಹೋಗುವವರು ಹೆಚ್ಚು. ಸರಪಳಿಯಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೂ ಅವಳ ಹೆಸರಿನಲ್ಲಿ ಒಂದು ಸುಳ್ಳು ಹೋಯಿತು.

ಇದಕ್ಕಿಂತ ಕಷ್ಟದ ಪ್ರಸಂಗವೊಂದನ್ನು ನಾನು ಬಲ್ಲೆ. ಗೆಳತಿಯೊಬ್ಬಳು ತನ್ನ ತಾಯಿಯ ಬಗ್ಗೆ ಪ್ರಬಂಧ ಬರೆದು ಒಂದು ಅಂತರ್ಜಾಲ ಪತ್ರಿಕೆಗೆ ಕಳಿಸಿದ್ದಳು. ಭಾನುವಾರ ಪ್ರಕಟಣೆ ಎಂದು ತಿಳಿದ ಮೇಲೆ ಶನಿವಾರ ರಾತ್ರಿ ಊಟವಾದ ನಂತರ ತಾಯಿಗೆ ಅದನ್ನು ಓದಿ ಹೇಳಿದಳು. ತಾಯಿ ಮದುವೆಯಾದ ಹೊಸತರಲ್ಲಿ ಒಮ್ಮೆ ಮನೆ ಬಿಟ್ಟು ಹೋಗಿ ನಾಲ್ಕು ದಿನದ ನಂತರ ಮರಳಿದ್ದರು. ಪ್ರಬಂಧದಲ್ಲಿ ಆ ವಿಷಯ ಒಂದೇ ಒಂದು ವಾಕ್ಯದಲ್ಲಿ ಬಂದಿತ್ತು. ತಾಯಿ ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚೆನ್ನಾಗಿದೆ ಕಣೇ. ಅದೊಂದು ಬೇಡ’ ಎಂದರು. ಗೆಳತಿ ರಾತ್ರಿ ಹತ್ತೂವರೆಗೆ ಪತ್ರಿಕೆಗೆ ಇಮೇಲ್ ಮಾಡಿದಳು. ಕೂಡಲೇ ಉತ್ತರ ಬಂತು: ‘ನಿಮ್ಮ ಸಂದೇಶ ತಲುಪಿದೆ. ಧನ್ಯವಾದಗಳು.’ ಅವಳು ನೆಮ್ಮದಿಯಿಂದ ಮಲಗಿದಳು. ಬೆಳಗ್ಗೆ ಆರಕ್ಕೆ ಪ್ರಬಂಧ ಆ ವಾಕ್ಯದ ಸಮೇತ ಹೊರಬಂತು, ಚಂದಾದಾರರಿಗೆ ಇಮೇಲೂ ಹೋಯಿತು. ಎಂಟು ಗಂಟೆಗೆ ಸೋದರಮಾವ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹೆಮ್ಮೆಯಿಂದ ಲಿಂಕ್ ಹಾಕಿದ್ದರು, ಅವರೂ ಇನ್ನೂ ಪೂರ್ತಿ ಓದಿರಲಿಲ್ಲ.

ಸಂಪಾದಕರು ಸಜ್ಜನರು. ಒಂಬತ್ತಕ್ಕೆ ಇಮೇಲ್ ನೋಡಿದವರೇ ವಾಕ್ಯ ತೆಗೆದು ಫೋನ್ ಮಾಡಿದರು. ‘ಅದು ತಾನಾಗಿಯೇ ಹೋಗಿಬಿಡುತ್ತೆ ಮೇಡಂ. ಶನಿವಾರ ರಾತ್ರಿ ನಾವು ಯಾರೂ ನೋಡೋದಿಲ್ಲ. ಆ ಉತ್ತರ ಬಂತಲ್ಲ, ಅದೂ ಆಟೊಮ್ಯಾಟಿಕ್ಕೇ’ ಎಂದರು. ಪುಟದಿಂದ ವಾಕ್ಯ ಹೋಯಿತು. ಇಮೇಲ್ ಪೆಟ್ಟಿಗೆಗಳಿಂದ ಹೋಗಲಿಲ್ಲ, ನೆಂಟರ ನೆನಪಿನಿಂದಲೂ ಹೋಗಲಿಲ್ಲ. ಗೆಳತಿ ನನಗೆ ಹೇಳಿದ್ದು ಇಷ್ಟು: ‘ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತಲೇ ಗೊತ್ತಾಗಲಿಲ್ಲ.’

ಈ ಮಾತು ನನ್ನನ್ನು ಬಿಡಲಿಲ್ಲ. ಸಂಪಾದಕರು ಸುಳ್ಳು ಹೇಳಲಿಲ್ಲ. ಆರು ಗಂಟೆಗೆ ಯಾರೂ ಏನೂ ಮಾಡಿರಲಿಲ್ಲ. ಹಾಗಾದರೆ ಮಾಡಿದ್ದು ಯಾರು? ತಾಂತ್ರಿಕವಾಗಿ ಹುಡುಕುತ್ತ ಹೋದರೆ ಉತ್ತರ ವಿಚಿತ್ರವಾಗುತ್ತದೆ. ವರ್ಡ್‌ಪ್ರೆಸ್ ಸಮಯ ನಿಗದಿ ಮಾಡಿಟ್ಟ ಬರಹಕ್ಕೆ ‘ಫ್ಯೂಚರ್’ ಎಂಬ ಸ್ಥಿತಿ ಕೊಡುತ್ತದೆ, ಅಂದರೆ ಭವಿಷ್ಯ. ಸಮಯ ಬಂದಾಗ ಅದನ್ನು ‘ಪಬ್ಲಿಶ್’ ಸ್ಥಿತಿಗೆ ತರುತ್ತದೆ. ಆದರೆ ಬೇರೆ ಏರ್ಪಾಟು ಮಾಡದಿದ್ದರೆ ವರ್ಡ್‌ಪ್ರೆಸ್ ತಾನಾಗಿ ಗಡಿಯಾರ ನೋಡುತ್ತ ಕೂರುವುದಿಲ್ಲ. ಯಾರಾದರೂ ತಾಣದ ಒಂದು ಪುಟ ತೆರೆದಾಗ ಮಾತ್ರ ‘ಸಮಯವಾಗಿರುವ ಕೆಲಸ ಏನಾದರೂ ಇದೆಯೇ’ ಎಂದು ನೋಡಿಕೊಳ್ಳುತ್ತದೆ. ಆರು ಗಂಟೆಗೆ ಯಾರೂ ಬಾರದೆ ಆರೂ ಇಪ್ಪತ್ತಕ್ಕೆ ಒಬ್ಬರು ಬಂದರೆ ಬರಹ ಹೊರಬರುವುದು ಆರೂ ಇಪ್ಪತ್ತಕ್ಕೆ. ಹಾಗಾದರೆ ಅದನ್ನು ಪ್ರಕಟಿಸಿದವರು ಆ ಬೆಳಗ್ಗೆ ಮೊದಲು ಬಾಗಿಲು ತಟ್ಟಿದ, ಏನೂ ಅರಿಯದ ಆ ಓದುಗರೇ? ಕಾರಣಗಳ ಸರಪಳಿಯಲ್ಲಿ ಅವರೂ ಒಂದು ಕೊಂಡಿ. ಹೊಣೆ ಮಾತ್ರ ಅವರದಲ್ಲ. ಕಾರಣ ಹುಡುಕುವುದು ಬೇರೆ, ಕರ್ತೃವನ್ನು ಹುಡುಕುವುದು ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ನಮ್ಮ ವ್ಯಾಕರಣ ಪರಂಪರೆ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಯೋಚಿಸಿದೆ. ಪಾಣಿನಿಯ ಪ್ರಕಾರ ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ, ಕ್ರಿಯೆಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಕರಣ. ಮರ ಕಡಿಯುವವನು ಕರ್ತೃ, ಕೊಡಲಿ ಕರಣ. ಕರ್ತೃವನ್ನು ಪ್ರೇರೇಪಿಸುವವನಿಗೂ ಅವನು ಜಾಗ ಕೊಡುತ್ತಾನೆ, ಅವನು ಪ್ರಯೋಜಕ. ಕನ್ನಡದ ‘ಮಾಡಿಸು’, ‘ಬರೆಸು’, ‘ಕಟ್ಟಿಸು’ಗಳ ಹಿಂದಿರುವುದು ಈ ಪ್ರಯೋಜಕನೇ. ಸರಪಳಿ ಕಟ್ಟಿದವರು ತಮ್ಮನ್ನು ‘ಮಾಡಿಸಿದವರು’ ಎಂದು ಭಾವಿಸಿಕೊಳ್ಳುತ್ತಾರೆ. ‘ನಾನು ಮಾಡಿಲ್ಲ, ಮಾಡಿಸಿದ್ದೇನೆ, ಮಾಡಿದ್ದು ಅದು’ ಎಂಬ ಧೋರಣೆ. ಆದರೆ ಮಾಡಿಸಬೇಕಾದರೆ ಮಾಡುವವನೊಬ್ಬ ಇರಬೇಕು, ಅವನು ಬೇಡ ಎನ್ನಬಲ್ಲವನಾಗಿರಬೇಕು. ಅಡುಗೆಯವರಿಂದ ಅಡುಗೆ ಮಾಡಿಸಬಹುದು. ಒಲೆಯಿಂದ ಅಡುಗೆ ಮಾಡಿಸಿದೆ ಎಂದು ಯಾರೂ ಹೇಳುವುದಿಲ್ಲ, ಒಲೆಯಲ್ಲಿ ಅಡುಗೆ ಮಾಡಿದೆ ಎನ್ನುತ್ತಾರೆ. ಸಲಕರಣೆ ಎಷ್ಟೇ ಜಾಣತನದ್ದಾಗಿ ಕಂಡರೂ ಇಲ್ಲಿ ಅದು ಒಲೆ. ‘ಅದು ತಾನಾಗಿಯೇ ಹೋಯಿತು’ ಎಂಬ ವಾಕ್ಯ ಕರಣವನ್ನು ಕರ್ತೃವಿನ ಪೀಠದಲ್ಲಿ ಕೂರಿಸುತ್ತದೆ. ಹೊಣೆ ಕೇಳಲು ಹೋದವರಿಗೆ ಅಲ್ಲಿ ಮಾತಾಡುವವರು ಯಾರೂ ಸಿಗುವುದಿಲ್ಲ.

‘ಆಕ್ಷನ್’ ಎಂಬ ಪದವನ್ನು ಸಲಕರಣೆಗಳ ಲೋಕ ಬಳಸುವಾಗಲೆಲ್ಲ ನನಗೆ ಹನ್ನಾ ಅರೆಂಟ್ ನೆನಪಾಗುತ್ತಾಳೆ. 1958ರ ‘ದಿ ಹ್ಯೂಮನ್ ಕಂಡಿಷನ್’ ಎಂಬ ಕೃತಿಯಲ್ಲಿ ಅವಳು ಮನುಷ್ಯರ ಚಟುವಟಿಕೆಯನ್ನು ಶ್ರಮ, ನಿರ್ಮಾಣ, ಕ್ರಿಯೆ ಎಂದು ಮೂರಾಗಿ ವಿಂಗಡಿಸುತ್ತಾಳೆ. ಅವಳ ‘ಆಕ್ಷನ್’ ಎಂದರೆ ಇನ್ನೊಬ್ಬರ ಎದುರಿನಲ್ಲಿ ಹೊಸದೊಂದನ್ನು ಆರಂಭಿಸುವುದು. ಅದಕ್ಕೆ ಎರಡು ಅಪಾಯಗಳಿವೆ: ಅದರ ಫಲ ಏನೆಂದು ಮೊದಲೇ ಹೇಳಲಾಗದು, ಆದ ಮೇಲೆ ಹಿಂದಕ್ಕೆ ಪಡೆಯಲಾಗದು. ಮೊದಲ ಅಪಾಯಕ್ಕೆ ಮನುಷ್ಯರು ಕಂಡುಕೊಂಡ ಮದ್ದು ಮಾತು ಕೊಡುವುದು, ಎರಡನೆಯದಕ್ಕೆ ಕ್ಷಮಿಸುವುದು. ಪ್ರಕಟಣೆ ಈ ಅರ್ಥದಲ್ಲಿ ಪೂರ್ತಿಯಾಗಿ ಕ್ರಿಯೆ. ಏನಾಗುತ್ತದೋ ಗೊತ್ತಿಲ್ಲ, ಆದದ್ದು ಅಳಿಯುವುದಿಲ್ಲ. ಆದರೆ ಆ ಎರಡೂ ಮದ್ದುಗಳು ಕೆಲಸ ಮಾಡಬೇಕಾದರೆ ಎದುರಿಗೆ ಒಬ್ಬರು ಇರಬೇಕು. ಮಾತು ಕೊಡಲು ಒಬ್ಬರು ಬೇಕು, ಕ್ಷಮಿಸಿಕೊಳ್ಳಲೂ ಒಬ್ಬರು ಬೇಕು. ನನ್ನ ಗೆಳತಿಗೆ ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗಲಿಲ್ಲ ಎಂಬುದರ ಇನ್ನೊಂದು ಮುಖ ಇದೇ: ಕ್ಷಮಿಸಲೂ ಅವಳಿಗೆ ಯಾರೂ ಸಿಗಲಿಲ್ಲ. ‘ತಾನಾಗಿಯೇ ಆಯಿತು’ ಎಂಬ ಉತ್ತರ ತಪ್ಪನ್ನು ಹಗುರ ಮಾಡಿದಂತೆ ಕಾಣುತ್ತದೆ. ನಿಜವಾಗಿ ಅದು ನೊಂದವರ ಕೈಯಿಂದ ಕ್ಷಮೆಯನ್ನೂ ಕಿತ್ತುಕೊಳ್ಳುತ್ತದೆ.

ಹಾಗಾದರೆ ಪ್ರತಿ ಬರಹಕ್ಕೂ ಮನುಷ್ಯನೇ ಗುಂಡಿ ಒತ್ತಬೇಕೆ? ಅಷ್ಟು ಸಾಕೆ? ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಎರಡು ಪ್ರಸಂಗಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ ಸೂಚನೆಗಳಿಂದ ಭೂಕಂಪದ ಸುದ್ದಿಯನ್ನು ತಾನೇ ಬರೆಯುವ ‘ಕ್ವೇಕ್‌ಬಾಟ್’ ಎಂಬ ಪ್ರೋಗ್ರಾಂ ಆ ಪತ್ರಿಕೆಯಲ್ಲಿತ್ತು. 2014ರ ಮಾರ್ಚ್ 17ರ ಬೆಳಗಿನ ಜಾವ ಲಾಸ್ ಏಂಜಲೀಸಿನಲ್ಲಿ ನೆಲ ನಡುಗಿದಾಗ ಅದನ್ನು ರೂಪಿಸಿದ ಪತ್ರಕರ್ತ ಕೆನ್ ಶ್ವೆಂಕೆ ನಿದ್ದೆಯಿಂದ ಎದ್ದು ಕಂಪ್ಯೂಟರಿನ ಮುಂದೆ ಕೂತಾಗ ಸುದ್ದಿ ಆಗಲೇ ಸಿದ್ಧವಾಗಿ ಕಾಯುತ್ತಿತ್ತು. ಅವನು ಅದರ ಮೇಲೆ ಕಣ್ಣಾಡಿಸಿ ‘ಪಬ್ಲಿಶ್’ ಒತ್ತಿದ. ಎಲ್ಲಕ್ಕೂ ಹಿಡಿದದ್ದು ಸುಮಾರು ಮೂರು ನಿಮಿಷ. 2017ರ ಜೂನ್‌ನಲ್ಲಿ ಅದೇ ಕ್ವೇಕ್‌ಬಾಟ್ ಸಾಂಟಾ ಬಾರ್ಬರಾ ಬಳಿ 6.8 ತೀವ್ರತೆಯ ಭೂಕಂಪವಾಗಿದೆ ಎಂದು ವರದಿ ಮಾಡಿತು, ಸ್ವಯಂಚಾಲಿತ ಟ್ವೀಟೂ ಹೋಯಿತು. ಆ ಭೂಕಂಪ ಆಗಿದ್ದು ನಿಜ, ಆದರೆ 1925ರಲ್ಲಿ. ಹಳೆಯ ದಾಖಲೆಯನ್ನು ಪರಿಷ್ಕರಿಸುವಾಗ ಸಂಸ್ಥೆಯಿಂದ ತಪ್ಪು ಸೂಚನೆ ಹೊರಟಿತ್ತು. ಸೂಚನೆ ಬಂತು, ಸುದ್ದಿಯಾಯಿತು. ಇದಾದರೆ ಅದು.

ಎರಡರ ನಡುವಿನ ವ್ಯತ್ಯಾಸ ಬೆರಳಿನದಲ್ಲ. 2014ರಲ್ಲಿ ಗುಂಡಿ ಒತ್ತಿದವನು ತಾನೇ ನಡುಗಿದ ನೆಲದ ಮೇಲೆ ಮಲಗಿದ್ದ. ಭೂಕಂಪ ಆಗಿದೆ ಎಂದು ಅವನ ಮೈಗೇ ಗೊತ್ತಿತ್ತು. ಅವನ ‘ಹೌದು’ ಎಂಬುದಕ್ಕೆ ಏನೋ ಅರ್ಥವಿತ್ತು. ಬೆರಳು ಒತ್ತಿದ ಮಾತ್ರಕ್ಕೆ ಗಮನ ಬಂದಂತಲ್ಲ. ಹದಿನೈದು ಬರಹಗಳಿಗೆ ಸಾಲಾಗಿ, ಓದದೆ, ಚಹಾ ಕುಡಿಯುತ್ತ ‘ಒಪ್ಪಿಗೆ’ ಒತ್ತುವವರು ಯಂತ್ರಕ್ಕಿಂತ ಉತ್ತಮರೇನಲ್ಲ. ಒಂದು ಲೆಕ್ಕದಲ್ಲಿ ಹೆಚ್ಚು ಅಪಾಯಕಾರಿ, ಯಾಕೆಂದರೆ ಓದದ ಬರಹಕ್ಕೆ ಓದಿದ ಮುದ್ರೆ ಬೀಳುತ್ತದೆ. ಈಗಂತೂ ಸರಪಳಿಯ ನಡುವೆ ಕೃತಕ ಬುದ್ಧಿಮತ್ತೆಯ ಕೊಂಡಿಯೊಂದನ್ನು ಸೇರಿಸಿ, ಶೀಟಿನಲ್ಲಿ ವಿಷಯ ಮಾತ್ರ ಬರೆದರೆ ಬರಹವೂ ಚಿತ್ರವೂ ತಯಾರಾಗಿ ಪ್ರಕಟವಾಗುವಂತೆ ಮಾಡಬಹುದು. ಅಲ್ಲಿ ಪ್ರಕಟಿಸುವವರಷ್ಟೇ ಅಲ್ಲ, ಬರೆದವರೂ ಇಲ್ಲ. ಹುಡುಕಾಟದ ಪುಟಗಳನ್ನು ತುಂಬಿಸಲೆಂದೇ ರಾಶಿಗಟ್ಟಲೆ ಬರಹ ಸುರಿಯುವುದರ ವಿರುದ್ಧ ಗೂಗಲ್ 2024ರ ಮಾರ್ಚ್‌ನಲ್ಲಿ ನಿಯಮ ತಂದಾಗ, ಅದನ್ನು ಯಂತ್ರ ಮಾಡಿತೋ ಮನುಷ್ಯ ಮಾಡಿದನೋ ಎಂಬ ಭೇದವನ್ನು ಎಣಿಸಲಿಲ್ಲ. ಆ ಮಟ್ಟಿಗೆ ಅದು ಸರಿ. ಕೈಯೋ ಯಂತ್ರವೋ ಎಂಬುದು ಪ್ರಶ್ನೆಯ ಮೇಲ್ಪದರ ಮಾತ್ರ.

ಒಳಪದರವನ್ನು ಮುದ್ರಣದ ಕಾಲದ ಕಾನೂನೊಂದು, ಪ್ರಾಯಶಃ ಬೇರೆಯೇ ಉದ್ದೇಶದಿಂದ, ಮುಟ್ಟಿತ್ತು. 1867ರ ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆಯ ಪ್ರಕಾರ ಭಾರತದಲ್ಲಿ ಅಚ್ಚಾಗುವ ಪ್ರತಿ ಪುಸ್ತಕ, ಪತ್ರಿಕೆಯ ಮೇಲೆ ಮುದ್ರಕರ ಹೆಸರು, ಮುದ್ರಣದ ಸ್ಥಳ, ಪ್ರಕಾಶಕರ ಹೆಸರು ಇರಬೇಕಿತ್ತು. ಮುಂದೆ ಪತ್ರಿಕೆಗಳ ಮೇಲೆ ಸಂಪಾದಕರ ಹೆಸರೂ ಬಂತು. ಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರುವ ‘ಮುದ್ರಕರು, ಪ್ರಕಾಶಕರು, ಸಂಪಾದಕರು’ ಎಂಬ ಸಾಲು ಅದರ ಫಲ. 2023ರಲ್ಲಿ ಹೊಸ ಕಾಯ್ದೆ ಬಂದು 2024ರ ಮಾರ್ಚ್ 1ರಿಂದ ಹಳೆಯದರ ಜಾಗ ತೆಗೆದುಕೊಂಡಿದೆ. ವಸಾಹತು ಸರ್ಕಾರಕ್ಕೆ ಆ ಹೆಸರುಗಳು ಬೇಕಾಗಿದ್ದದ್ದು ಮುಖ್ಯವಾಗಿ ನಿಗಾ ಇಡಲು, ಬೇಕಾದಾಗ ಹಿಡಿಯಲು. ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಆ ಸಾಲಿಗೆ ಇನ್ನೊಂದು ಅರ್ಥವೂ ಬೆಳೆಯಿತು. ‘ಪ್ರಕಟಿಸಿದೆ’ ಎಂಬ ಕನ್ನಡ ರೂಪ ‘ನಾನು’ ಎಂಬುದಕ್ಕೂ ಹೊಂದುತ್ತದೆ, ‘ಪತ್ರಿಕೆ’ ಎಂಬುದಕ್ಕೂ ಹೊಂದುತ್ತದೆ. ನಾನು ಪ್ರಕಟಿಸಿದೆ, ಪತ್ರಿಕೆ ಪ್ರಕಟಿಸಿದೆ. ಪತ್ರಿಕೆ ಎಂಬ ಅಮೂರ್ತದ ಹಿಂದೆ ಹೆಸರುಳ್ಳ ಒಬ್ಬರು ಇದ್ದಾರೆ, ಅವರ ಬಳಿ ಹೋಗಿ ‘ಇದನ್ನು ಯಾಕೆ ಹಾಕಿದಿರಿ?’ ಎಂದು ಕೇಳಬಹುದು ಎಂಬುದನ್ನು ಆ ಪುಟ್ಟ ಸಾಲು ಹೇಳುತ್ತಿತ್ತು.

ನಮ್ಮ ಸಾಹಿತ್ಯಕ್ಕೂ ಈ ಭಾವನೆ ಹೊಸದಲ್ಲ. ವಚನಕಾರರು ತಮ್ಮ ಮಾತಿಗೆ ಅಂಕಿತ ಹಾಕಿದರು. ‘ವಚನ’ ಎಂದರೆ ಆಡಿದ ಮಾತು, ಕೊಟ್ಟ ಮಾತು ಎಂದೂ ಅರ್ಥ. ಅಂಕಿತದಲ್ಲಿರುವುದು ವಚನಕಾರರ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಅಂದರೆ ಅದು ಕೀರ್ತಿಗಾಗಿ ಹಾಕಿದ ಸಹಿಯಲ್ಲ, ಈ ಮಾತನ್ನು ಯಾರ ಸಾಕ್ಷಿಯಾಗಿ ಆಡುತ್ತಿದ್ದೇನೆ ಎಂಬುದರ ಗುರುತು. ಮಾತು ಒಬ್ಬರಿಂದ ಹೊರಟಿದೆ, ಒಬ್ಬರ ಎದುರಿನಲ್ಲಿ ಹೊರಟಿದೆ ಎಂಬ ಅರಿವು ಅಲ್ಲಿದೆ. ಪ್ರಕಟಣೆಗೆ ಬೇಕಾದದ್ದೂ ಅದೇ ಅರಿವು ಎಂದು ನನಗನ್ನಿಸುತ್ತದೆ.

ಇಷ್ಟೆಲ್ಲ ಹೇಳಿ ಸರಪಳಿಯನ್ನು ಕಳಚಿ ಎಸೆಯಬೇಕು ಎಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ಕಳಚಿದರೆ ಮತ್ತೆ ರಾತ್ರಿ ಹನ್ನೊಂದರ ಕಾಪಿ-ಪೇಸ್ಟ್, ಮತ್ತೆ ದಣಿವು, ಮತ್ತೆ ಮೌನ. ಸಾಗಣೆಯ ಕೊಂಡಿಗಳೆಲ್ಲ ಇರಲಿ. ತೀರ್ಮಾನದ ಕೊಂಡಿ ಎಲ್ಲಿದೆ ಎಂದು ಗುರುತಿಸಿ ಅಲ್ಲಿ ಮೂರು ಸಂಗತಿಗಳು ಇವೆಯೇ ಎಂದು ಕೇಳಿಕೊಳ್ಳಬೇಕು: ಒಬ್ಬರು ನಿಜವಾಗಿ ಓದಿದ್ದಾರೆಯೇ, ಕೊನೆಯ ಗಳಿಗೆಯವರೆಗೂ ತಡೆಯಲು ಸಾಧ್ಯವಿದೆಯೇ, ಮತ್ತು ಆಮೇಲೆ ‘ನಾನು ಪ್ರಕಟಿಸಿದೆ’ ಎಂದು ಹೇಳಲು ಒಬ್ಬರು ಇದ್ದಾರೆಯೇ. ಕೈಯಿಂದ ನಡೆಸುವ ಪತ್ರಿಕೆಯಲ್ಲೂ ಗೆಳತಿಯ ಆ ಇಮೇಲ್ ಕಣ್ಣಿಗೆ ಬೀಳದೆ ಹೋಗಬಹುದಿತ್ತು. ಆಗ ಸಂಪಾದಕರು ‘ನಾನು ನೋಡಲಿಲ್ಲ’ ಎನ್ನುತ್ತಿದ್ದರು. ವಾಕ್ಯ ಹೊರಹೋದ ನೋವು ಅಷ್ಟೇ ಇರುತ್ತಿತ್ತು. ಆದರೆ ಆ ಉತ್ತರದಲ್ಲಿ ಒಬ್ಬ ಮನುಷ್ಯ ಇರುತ್ತಿದ್ದ.

ನಮ್ಮ ಓದುಕೂಟದ ಶೀಟಿನಲ್ಲಿ ಇತ್ತೀಚೆಗೆ ಎರಡು ಬದಲಾವಣೆ ಮಾಡಿದ್ದೇವೆ. ಲೇಖಕರಿಗೆ ಹೋಗುವ ಸಂದೇಶದಲ್ಲಿ ಈಗ ಒಂದು ಫೋನ್ ನಂಬರ್ ಇದೆ. ಆ ವಾರ ಸರದಿಯಲ್ಲಿರುವವರು ಶನಿವಾರ ರಾತ್ರಿ ಆ ಫೋನ್ ಎತ್ತುತ್ತಾರೆ. ಇನ್ನೊಂದು, ‘ಹೌದು’ ಎಂದು ತುಂಬುತ್ತಿದ್ದ ಅಂಕಣದಲ್ಲಿ ಈಗ ‘ಹೌದು’ ಎಂದು ಬರೆದರೆ ಸರಪಳಿ ಮುಂದಕ್ಕೆ ಹೋಗುವುದಿಲ್ಲ. ಬರಹವನ್ನು ಓದಿ ಒಪ್ಪಿದವರು ಅಲ್ಲಿ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆಯಬೇಕು. ನಮ್ಮ ಆರು ಹೆಸರುಗಳಲ್ಲಿ ಒಂದು ಇದ್ದರೆ ಮಾತ್ರ ಮುಂದಕ್ಕೆ ಬಿಡು ಎಂಬ ಶರತ್ತನ್ನು ಸಲಕರಣೆಯ ‘ಫಿಲ್ಟರ್’ನಲ್ಲಿ ಹಾಕಲು ಹಿಡಿದದ್ದು ಹತ್ತು ನಿಮಿಷ. ಆ ಹೆಸರು ಬರಹದ ಕೆಳಗೆ ಚಿಕ್ಕದಾಗಿ ಬರುತ್ತದೆ: ‘ಈ ಬರಹವನ್ನು ಓದಿ ಪ್ರಕಟಿಸಿದವರು’. ಓದದೆಯೂ ಹೆಸರು ಟೈಪ್ ಮಾಡಬಹುದು, ಅದನ್ನು ಯಾವ ಫಿಲ್ಟರೂ ಹಿಡಿಯಲಾರದು. ಆದರೆ ‘ಹೌದು’ ಎಂದು ಒತ್ತುವುದಕ್ಕೂ ಸ್ವಂತ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಯುವುದಕ್ಕೂ ನಡುವೆ ಬೆರಳು ಒಂದು ಕ್ಷಣ ನಿಲ್ಲುತ್ತದೆ. ಭಾನುವಾರ ಬೆಳಗ್ಗೆ ಆರಕ್ಕೆ ನಾವು ಈಗಲೂ ಮಲಗಿಯೇ ಇರುತ್ತೇವೆ. ಏಳುವ ಹೊತ್ತಿಗೆ ಯಾರಾದರೂ ಕೇಳಿದರೆ, ಉತ್ತರಿಸಬೇಕಾದವರು ಯಾರೆಂದು ಪುಟದ ಮೇಲೇ ಬರೆದಿರುತ್ತದೆ.